ಬಹುಮಾನದ ಆಸೆಗೆ ಮೊಬೈಲ್ ನಂಬರ್ ಹಾಕಬೇಡಿ

ದಯವಿಟ್ಟು ಪೂರ್ತಿ ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಫೋನಿನಲ್ಲಿ ಏನೋ ನೋಡುತ್ತಿದ್ದಾಗ ಒಂದು ಜಾಹೀರಾತು ಬಂತು. ಮೂರು ಪ್ರಶ್ನೆಗೆ ಉತ್ತರಿಸಿ, ಹೊಸ ಫೋನ್ ಗೆಲ್ಲಿ ಅಂತ. ಚಿಕ್ಕ ಮಕ್ಕಳೂ ಹೇಳುವಂಥ ಪ್ರಶ್ನೆಗಳು. ಮೂರೂ ಸರಿ. 'ಫಲಿತಾಂಶಕ್ಕೆ ಮೊಬೈಲ್ ನಂಬರ್ ಹಾಕಿ' ಅಂದರು. ಮೇಲೆ ಎರಡು ನಿಮಿಷದ ಗಡಿಯಾರ ಬೇರೆ ಓಡುತ್ತಿತ್ತು. ಹಾಕಿದೆ. 4 ಅಂಕಿಯ ಪಿನ್ ಬಂತು. ಅದನ್ನೂ ಹಾಕಿದೆ.

ಆಮೇಲೆ ವಾರ ವಾರ ಯಾವುದೋ 5 ಅಂಕಿಯ ನಂಬರಿನಿಂದ ಮೆಸೇಜ್. ಜಾಹೀರಾತು ಇರಬೇಕು ಅಂತ ತೆರೆಯಲೇ ಇಲ್ಲ. ತಿಂಗಳಾದ ಮೇಲೆ ಫೋನಿನ ಲೆಕ್ಕ ತೆಗೆದು ನೋಡಿದರೆ ಒಂದೊಂದು ಮೆಸೇಜಿಗೂ ಹಣ ಹೋಗಿದೆ! ನಾನು ಕಳಿಸಿದ್ದಕ್ಕಲ್ಲ, ನನಗೆ ಬಂದಿದ್ದಕ್ಕೆ!

ಆ ಪಿನ್ ಮೆಸೇಜನ್ನು ಹುಡುಕಿ ತೆಗೆದೆ. ಅವತ್ತು ಪರದೆಯ ಮೇಲ್ತುದಿಯಲ್ಲಿ ಕಂಡಿದ್ದು ಮೊದಲ ಸಾಲು ಮಾತ್ರ. ಆ ನಾಲ್ಕು ಅಂಕಿ. ಕೆಳಗಿನ ಸಾಲಿನಲ್ಲಿತ್ತು ನೋಡಿ, ಪಿನ್ ಹಾಕಿದರೆ ವಾರದ ಚಂದಾಕ್ಕೆ ಒಪ್ಪಿದಂತೆ ಅಂತ. ಮೈಯೆಲ್ಲ ಉರಿಯಿತು. ಪಿನ್ ಯಾರಿಗೂ ಹೇಳಬೇಡಿ ಅಂತ ಮನೆಯವರಿಗೆಲ್ಲ ಹೇಳುತ್ತಿದ್ದವನು ನಾನು. ಯಾರಿಗೂ ಹೇಳಲಿಲ್ಲ, ನಾನೇ ಕೈಯಾರೆ ಒತ್ತಿದೆ.

ಫೋನ್ ಕಂಪನಿಗೆ ಕರೆ ಮಾಡಿದೆ. "ಸರ್, ನೀವೇ ಒಪ್ಪಿಗೆ ಕೊಟ್ಟಿದ್ದೀರಿ, ದಾಖಲೆ ಇದೆ." ಯಾವುದಕ್ಕೆ ಒಪ್ಪಿಗೆ ಅಂದೆ. "ಅದು ಹೊರಗಿನವರ ಸೇವೆ ಸರ್, ಅವರನ್ನೇ ಕೇಳಿ." ಹೊರಗಿನವರಿಗೆ ಮಾಡಿದರೆ, "ಹಣ ಕಡಿತ ಮಾಡಿದ್ದು ನಿಮ್ಮ ಫೋನ್ ಕಂಪನಿ, ಅಲ್ಲೇ ಕೇಳಿ." ಹೀಗೇ ನಾಲ್ಕು ದಿನ ಅಲೆಸಿದರು! ಬಹುಮಾನ ಯಾರಿಗೆ ಬಂತು ಅಂತ ಕೇಳಿದ್ದಕ್ಕೆ ಕರೆ ತೆಗೆದ ಹುಡುಗಿ ಸುಮ್ಮನಾದಳು. ಪಾಪ, ಅವಳದ್ದೇನು ತಪ್ಪು. ಆದರೆ ಉತ್ತರ ಇರಲೇ ಇಲ್ಲ, ಅಲ್ವಾ?

ಸ್ಟಾಪ್ ಅಂತ ಮೆಸೇಜ್ ಕಳಿಸಿ ಒಂದು ಸೇವೆಯನ್ನು ನಿಲ್ಲಿಸಿದೆ. ಮರುವಾರ ಮತ್ತೆ ಹಣ ಹೋಯಿತು. ಬೇರೆ ಹೆಸರಿನಲ್ಲಿ ಇನ್ನೊಂದು ಸೇವೆ ನಡೆಯುತ್ತಿತ್ತು!

ನಿಮ್ಮ ಬಿಲ್ಲು, ಬ್ಯಾಲೆನ್ಸು ಇವತ್ತೇ ನೋಡಿ. ಹಿರಿಯರ, ಮಕ್ಕಳ ಫೋನನ್ನೂ ನೋಡಿ. ಹಣ ಕಡಿತ ಮಾಡುವ ಮೆಸೇಜ್ ಸೇವೆಗಳನ್ನೆಲ್ಲ ಮುಚ್ಚಿ ಅಂತ ನಿಮ್ಮ ಫೋನ್ ಕಂಪನಿಗೆ ಹೇಳಿ. ಪಿನ್ ಬಂದರೆ ಮೆಸೇಜ್ ತೆರೆದು ಕೊನೆಯ ಸಾಲಿನವರೆಗೂ ಓದಿ. ಬಂದ ಮೆಸೇಜ್ ಒಂದನ್ನೂ ಅಳಿಸಬೇಡಿ, ದೂರು ಕೊಡಲು ಬೇಕಾಗುತ್ತದೆ.

ಜಗಳವಾಡಿದ ಮೇಲೆ ಒಂದು ವಾರದ ಹಣ ವಾಪಸ್ ಹಾಕಿದ್ದಾರೆ. ಉಳಿದದ್ದಕ್ಕೆ ಬರೆದು ದೂರು ಕೊಟ್ಟಿದ್ದೇನೆ, ಬಿಡುವುದಿಲ್ಲ.