ಇಕೋ ಬಟನ್ನು, ದೇವಿಮನೆ ಘಟ್ಟ ಮತ್ತು ನಮ್ಮ ಭಾವ

ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಕಾರು ತಗೊಂಡು ಎಂಟು ತಿಂಗಳಾಯಿತು. ಗಾಡಿ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ಅದರಲ್ಲಿರುವ ಒಂದೇ ಒಂದು ಬಟನ್ ಬಗ್ಗೆ. ಸ್ಟೀರಿಂಗಿನ ಬಲಕ್ಕೆ, ಕೆಳಗಡೆ ಇದೆ. ಒತ್ತಿದರೆ ಮೀಟರಿನಲ್ಲಿ ಹಸಿರು ಎಲೆ ಹೊತ್ತಿಕೊಳ್ಳುತ್ತದೆ. ಇಕೋ ಮೋಡ್. ಶೋರೂಮಿನ ಹುಡುಗ ಕೀ ಕೊಡುವಾಗ, "ಇದನ್ನ ಯಾವಾಗ್ಲೂ ಆನ್ ಇಡಿ ಸರ್, ಮೈಲೇಜ್ ಸಿಗ್ತದೆ" ಅಂದಿದ್ದ. ಇಟ್ಟೆ.

ಮೊದಲನೇ ಸಲ ಅದು ಕೈಕೊಟ್ಟಿದ್ದು ಏಪ್ರಿಲಿನಲ್ಲಿ. ಕುಮಟಾದಿಂದ ಶಿರಸಿಗೆ ವಾಪಸು ಬರ್ತಾ ಇದ್ದೆವು. ಪಕ್ಕದಲ್ಲಿ ಆಯಿ, ಹಿಂದೆ ಹೆಂಡತಿ ಮಕ್ಕಳು, ಡಿಕ್ಕಿಯಲ್ಲಿ ಹೆದ್ದಾರಿ ಬದಿ ತಗೊಂಡ ಸಿಹಿ ಈರುಳ್ಳಿಯ ನಾಲ್ಕು ಗೊಂಚಲು, ಒಂದು ಚೀಲ ತೆಂಗಿನಕಾಯಿ. ದೇವಿಮನೆ ಘಟ್ಟದ ತಿರುವಿನಲ್ಲಿ ಮುಂದೆ ಲಾರಿ ತೆವಳ್ತಾ ಇತ್ತು. ಅದು ಬದಿಗೆ ಸರಿದು ದಾರಿ ಕೊಟ್ಟಿತು. ಎಕ್ಸಲೇಟರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಗಾಡಿ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಗೇರು ಇಳಿಸಿ ಗೋಳೋ ಅಂತ ಕೂಗಿಕೊಂಡು ಏರಿತು. ಆಯಿ ಕೇಳಿದಳು: "ಜ್ವರ ಬಂತನಾ ತಮಾ ಇದ್ಕೆ?"

ಗಾಡಿಗೆ ಜ್ವರ ಏನೂ ಬಂದಿರಲಿಲ್ಲ. ಇಕೋ ಅಂದ್ರೆ ಇಂಜಿನ್ನಿಗೆ ಹೊಸ ವಿದ್ಯೆ ಕಲಿಸಿದ ಹಾಗೆ ಅಂತ ನಾನು ತಿಳಿದುಕೊಂಡಿದ್ದೆ. ಹಾಗಲ್ಲ. ಈಗಿನ ಕಾರುಗಳಲ್ಲಿ ಕಾಲು ಒತ್ತಿದ್ದನ್ನು ಕಂಪ್ಯೂಟರ್ ಓದಿ, ಥ್ರಾಟಲ್, ಅಂದ್ರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಎಷ್ಟು ತೆರೀಬೇಕು ಅಂತ ಅದೇ ತೀರ್ಮಾನ ಮಾಡುತ್ತದೆ. ಇಕೋದಲ್ಲಿ ಅದು ಸ್ವಲ್ಪ ಜಿಪುಣ ಆಗುತ್ತದೆ, ಅಷ್ಟೇ. ಗೇರನ್ನು ಬೇಗ ಮೇಲಕ್ಕೆ ಹಾಕಿಬಿಡುತ್ತದೆ. ಎ.ಸಿ.ಯನ್ನೂ ಸ್ವಲ್ಪ ತಗ್ಗಿಸುತ್ತದೆ. ಕುಮಟಾದ ಸೆಕೆಯಲ್ಲಿ ಹಿಂದಿನ ಸೀಟಿನಿಂದ ಅದರ ದೂರು ಬೇರೆ. ಘಟ್ಟ ಏರಲು ಬೇಕಾದ ಶಕ್ತಿ ಮಾತ್ರ ಬೇಕೇ ಬೇಕು. ಗಾಡಿ ಕೊಡದಿದ್ರೆ ನಾವೇ ಕಾಲು ಜಾಸ್ತಿ ಒತ್ತಿ ವಸೂಲು ಮಾಡ್ತೇವೆ. ಉಳಿಯೋದೆಲ್ಲಿ?

ಸುಮ್ನೆ ಹೇಳಬಾರದು ಅಂತ ಲೆಕ್ಕ ಹಾಕಿದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಇಕೋ ಹಾಕಿ ನಾಲ್ಕು ಸಲ ಹೋಗಿ ಬಂದೆ, ತೆಗೆದು ನಾಲ್ಕು ಸಲ. ಒಂದೇ ಬಂಕು, ಒಂದೇ ಪಂಪು, ಟ್ಯಾಂಕ್ ತುಂಬಿ ಗನ್ ತಾನಾಗಿ ನಿಂತ ಕೂಡಲೇ ಸಾಕು ಅನ್ನೋದು. ಇಕೋದಲ್ಲಿ ಲೀಟರಿಗೆ 15.1, ಇಲ್ಲದೆ 14.6. ಅಂದ್ರೆ ನಾಲ್ಕು ಸಲ ಓಡಾಡಿದ್ದಕ್ಕೆ ಒಂದು ಲೀಟರಿನ ಮೇಲೆ ಚೂರು. ಗಾಡಿಯ ಸ್ಕ್ರೀನು ಎರಡೂ ಸಲ 16ರ ಮೇಲೇ ತೋರಿಸಿತ್ತು, ಅದನ್ನ ನಂಬಬೇಡಿ. ಪೇಟೆಯೊಳಗಿನ ಓಡಾಟದಲ್ಲಿ ಮಾತ್ರ ಫರಕು ಕಾಣಿಸಿತು: 11.2 ಇದ್ದದ್ದು 12.3 ಆಯಿತು. ರಸ್ತೆ ಉಬ್ಬಿಗೊಂದು ಬ್ರೇಕ್, ಮತ್ತೆ ಎಳೆಯೋದು, ಅಲ್ವಾ? ಅಲ್ಲಿ ಕಾಲಿನ ಅವಸರ ತಡೆಯೋಕೆ ಒಬ್ಬರು ಬೇಕು.

ಇಳಿಯುವಾಗಿನ ವಿಷಯ ಬೇರೆ, ಅದೇ ಮುಖ್ಯ. ಇಕೋ ಇಟ್ಟುಕೊಂಡು ದೇವಿಮನೆ ಇಳಿದರೆ ನನ್ನ ಗಾಡಿ ಮೇಲಿನ ಗೇರಿನಲ್ಲೇ ಜಾರುತ್ತದೆ. ಇಂಜಿನ್ ಹಿಡಿಯೋದಿಲ್ಲ, ಬ್ರೇಕ್ ಮೇಲೇ ಎಲ್ಲ ಭಾರ. ಒಮ್ಮೆ ಘಟ್ಟದ ಬುಡದಲ್ಲಿ ನಿಲ್ಲಿಸಿದಾಗ ಚಕ್ರದ ಹತ್ತಿರ ಸುಟ್ಟ ವಾಸನೆ ಬರ್ತಿತ್ತು. ಈಗ ದೇವಿಮನೆ ದೇವಸ್ಥಾನದ ಹತ್ತಿರ ಬಂದ ಕೂಡಲೇ ಇಕೋ ತೆಗೆದು, ಲಿವರನ್ನು ಕೆಳಗಿನ ಗೇರಿಗೆ ಎಳೀತೇನೆ.

ಭಾವನಿಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಅವನದು ಹಳೇ ಪದ್ಧತಿ, ಪೆಟ್ರೋಲ್ ಉಳೀತದೆ ಅಂತ ಇಳಿಜಾರು ಬಂದ ಕೂಡಲೇ ನ್ಯೂಟ್ರಲ್. ಆದ್ರೆ ಗೇರಿನಲ್ಲಿದ್ದು ಕಾಲು ತೆಗೆದರೆ ಈಗಿನ ಇಂಜಿನ್ನು ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತದೆ, ಚಕ್ರವೇ ಅದನ್ನ ತಿರುಗಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಆರದೇ ಇರೋಕಾದ್ರೂ ಪೆಟ್ರೋಲ್ ಬೇಕು. ಮೇಲಿಂದ ಗಾಡಿಯ ಹಿಡಿತವೂ ಹೋಯಿತು. ಎಷ್ಟು ಸಲ ಹೇಳಿದರೂ, "ನಿಂಗ್ಳ ಕಂಪ್ಯೂಟರ್ ಲೆಕ್ಕ ನಂಗೆ ಬೇಡ" ಅಂತಾನೆ.

ಒಟ್ಟಿನಲ್ಲಿ ಐದಕ್ಕೆ ಮೂರು ಅಂಕ. ಪೇಟೆಯಲ್ಲಿ ಆನ್, ಘಟ್ಟದಲ್ಲಿ ಆಫ್. ಕುಮಟಾದಿಂದ ಅಂಕೋಲಾ ಕಡೆಗಿನ ಚತುಷ್ಪಥದಲ್ಲಿ 80ರಲ್ಲಿ ಒಂದೇ ಸಮ ಹೋಗುವಾಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿಸಿ, ಅದಕ್ಕೆ ಬಟನ್ ಇಲ್ಲ.

ಭಾವ ಪೇಟೆ ಕೆಲಸಕ್ಕೆ ಅಂತ ಗಾಡಿ ಒಯ್ಯುವಾಗ ಮಾತ್ರ ಹೇಳದೇ ಇಕೋ ಹಾಕಿಟ್ಟಿರ್ತೇನೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೂ ನನ್ನ ಗಾಡಿಯಲ್ಲಿ ಅದು ಹಾಗೇ ಇರುತ್ತದೆ. ಮೊನ್ನೆ ಕೀ ವಾಪಸು ಕೊಡುತ್ತಾ ಅಂದ: "ಭಾವಾ, ಪಿಕಪ್ಪೇ ಇಲ್ಲೆ ಇದ್ಕೆ. ಗ್ಯಾರೇಜಿಗೆ ತೋರ್ಸು."