ಹೆಡ್‌ಲೈಟ್ ಉಜ್ಜಲು ಹೋಗಿ ಒಂದು ಕಣ್ಣು ಕಳೆದೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಮಾತು: ಅಸಿಟೋನ್ ಎಂಬ ದ್ರಾವಕದ ಬಾಟಲಿಯನ್ನು ಕಾರಿನ ಹೆಡ್‌ಲೈಟ್ ಹತ್ತಿರ ಒಯ್ಯಬೇಡಿ. ನೇಲ್ ಪಾಲಿಶ್ ರಿಮೂವರ್, ತಿನ್ನರ್, ಪೆಟ್ರೋಲ್ ಕೂಡ ಬೇಡ.

ನನ್ನ ಕಾರು ಹಳೆಯದು. ಎರಡೂ ಹೆಡ್‌ಲೈಟ್ ಹಳದಿಗಟ್ಟಿ, ಪೊರೆ ಬಂದ ಕಣ್ಣಿನ ಹಾಗಾಗಿದ್ದವು. ರಾತ್ರಿ ಬೆಳಕು ರಸ್ತೆಗೆ ಬೀಳುವುದಕ್ಕಿಂತ ಅಕ್ಕಪಕ್ಕ ಚದುರುವುದೇ ಹೆಚ್ಚು. ಗುಂಡಿ ತೀರ ಹತ್ತಿರ ಬಂದ ಮೇಲೇ ಕಾಣುತ್ತಿತ್ತು. ಬಲ್ಬ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ: ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ಪಳಪಳ ಹೊಳೆಯಿತು. ಮನೆಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಎರಡು ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಮಬ್ಬು!

ಯಾಕೆಂದು ಆಮೇಲೆ ತಿಳಿಯಿತು. ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸುಲಭಕ್ಕೆ ಒಡೆಯುವುದಿಲ್ಲ ನಿಜ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ, ಗೀರೂ ಬೇಗ ಬೀಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲೇ ಮೇಲೊಂದು ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದಾಗಲೇ ಮಬ್ಬು ಶುರು. ಟೂತ್‌ಪೇಸ್ಟ್ ಕೆಟ್ಟ ಪದರವನ್ನು ಕೆರೆಯುತ್ತದೆ, ಅದರ ಜೊತೆಗೆ ಅಳಿದುಳಿದ ಲೇಪವನ್ನೂ. ತಲೆಯ ಮೇಲಿನ ಕೊಡೆ ಕಿತ್ತುಕೊಂಡು ಬಿಸಿಲಿಗೆ ನಿಲ್ಲಿಸಿದ ಹಾಗೆ.

ಈ ಸಲ ಸರಿಯಾಗಿ ಮಾಡೋಣ ಎಂದು ವಾಟರ್ ಪೇಪರ್ ತಂದೆ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ). ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೀರು ಚಿಮುಕಿಸುತ್ತಾ 600 ನಂಬರಿನಿಂದ ಶುರು ಮಾಡಿದೆ. ಮೊದಲು ಹಳದಿ ರಾಡಿ ಇಳಿಯಿತು, ಆಮೇಲೆ ಅಕ್ಕಿ ತೊಳೆದಂಥ ಬಿಳಿ ನೀರು. ಹಳದಿ ರಾಡಿ ನಿಂತರೆ ಕೆಟ್ಟ ಲೇಪ ಹೋಯಿತೆಂದು ಅರ್ಥ. ಅಲ್ಲಿಂದ 2000ಕ್ಕೆ ಹಾರಿದೆ. ಮೊದಲ ತಪ್ಪು ಅದೇ. 600 ಹಾಕಿದ ಗೀರನ್ನು 2000 ಅಳಿಸಲಾರದು. ನಡುವೆ 1000, 1500 ಬೇಕೇ ಬೇಕು. ತೋಳು ಬಿದ್ದುಹೋಗುವಷ್ಟು ಉಜ್ಜಿ, ಕೊನೆಗೆ ಮತ್ತೆ ಹಿಂದಕ್ಕೆ ಬಂದು 1000ದಿಂದ ಆರಂಭಿಸಿದೆ. ಡ್ರಿಲ್‌ಗೆ ಪಾಲಿಶ್ ಪ್ಯಾಡ್ ಸಿಕ್ಕಿಸಿ ಒಂದೇ ಕಡೆ ಒತ್ತಿ ಹಿಡಿಯುವ ಆಸೆಯೂ ಬಂದಿತ್ತು. ಪುಣ್ಯಕ್ಕೆ ಹಾಗೆ ಮಾಡಲಿಲ್ಲ, ಕಾವಿಗೆ ಪ್ಲಾಸ್ಟಿಕ್ ಕರಗುತ್ತದೆ.

3000ದಲ್ಲಿ ಮುಗಿಸಿದಾಗ ಎರಡೂ ಒಂದೇ ಸಮನೆ ನಯವಾಗಿದ್ದವು. ಇನ್ನು ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಹೊಡೆಯುವುದೊಂದೇ ಬಾಕಿ. ಜಿಡ್ಡು ಇರಬಾರದಲ್ಲ, ಅಸಿಟೋನ್ ಅದ್ದಿದ ಬಟ್ಟೆಯಿಂದ ಬಲಗಡೆಯದನ್ನು ಒರೆಸಿದೆ. ಬಟ್ಟೆ ಅಂಟಂಟಾಗಿ ಎಳೆದಂತಾಯಿತು. ಕೈ ತೆಗೆದು ನೋಡಿದರೆ ಬಟ್ಟೆ ಹೋದ ದಾರಿಯಲ್ಲೆಲ್ಲ ಬೆಳ್ಳಗಿನ ಪಟ್ಟೆ. ನೋಡನೋಡುತ್ತಿದ್ದಂತೆ ಮೂಲೆಯಿಂದ ಕೂದಲೆಳೆಯಂಥ ಬಿರುಕುಗಳು, ಜೇಡರ ಬಲೆಯ ಹಾಗೆ. ಅಚ್ಚಿನಲ್ಲಿ ತಯಾರಾಗುವಾಗಲೇ ಆ ಪ್ಲಾಸ್ಟಿಕ್ಕಿನೊಳಗೆ ಒಂದಿಷ್ಟು ಬಿಗಿತ ಉಳಿದಿರುತ್ತದೆ. ಅಸಿಟೋನ್ ತಾಗಿದರೆ ಅಲ್ಲೇ ಸೀಳುತ್ತದೆ. ಮತ್ತೆ 600ಕ್ಕೆ ಹೋಗಿ ಉಜ್ಜಿ ನೋಡಿದೆ. ಬಿಳಿ ಹೋಯಿತು, ಬಿರುಕು ಹೋಗಲಿಲ್ಲ. ಮುಂಭಾಗದ ಆ ಪ್ಲಾಸ್ಟಿಕ್ ಲೆನ್ಸ್ ಒಂದನ್ನೇ ಬದಲಿಸಲು ಸಿಗಲಿಲ್ಲ, ಇಡೀ ಹೆಡ್‌ಲೈಟ್ ಹೊಸದು ಹಾಕಿಸಬೇಕಾಯಿತು.

ಎಡಗಡೆಯದು ಬಚಾವಾಯಿತು. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಕ್ಲಿಯರ್ ಕೋಟ್ ತೆಳುವಾಗಿ ಎರಡು ಸಲ ಹೊಡೆದೆ. ಇನ್ನೂ ತಿಳಿಯಾಗಿದೆ. (ಗಟ್ಟಿಕಾರಕ ಬೆರೆಸುವ ಬಗೆಯ ಸ್ಪ್ರೇ ತಂದರೆ ಅದರಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಅದಕ್ಕೆ ಏನೇನೂ ಸಾಲದು.)

ಉಜ್ಜುವ ಮೊದಲು ಒಂದು ಪರೀಕ್ಷೆ ಮಾಡಿ. ಲೆನ್ಸ್ ಮೇಲೆ ನೀರು ಸುರಿಯಿರಿ. ಒದ್ದೆಯಿರುವಾಗ ತಿಳಿಯಾಗಿ ಕಂಡರೆ ಮಬ್ಬು ಹೊರಗಡೆಯದು, ಉಜ್ಜಿದರೆ ಫಲವಿದೆ. ಒದ್ದೆಯಾದರೂ ಮಬ್ಬು ಹಾಗೇ ಇದ್ದರೆ ಅದು ಒಳಗಿನದಿರಬಹುದು. ಆಗ ಎಷ್ಟು ಉಜ್ಜಿದರೂ ವ್ಯರ್ಥ.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ಸೊಳ್ಳೆ ಓಡಿಸೋ ಕ್ರೀಮ್ ಹಚ್ಚಿದರೆ ಒಂದೇ ನಿಮಿಷದಲ್ಲಿ ಕ್ಲೀನ್ ಆಗುತ್ತಂತೆ ಕಣೋ" ಎಂದ. ಅಂಥ ಕೆಲವು ಕ್ರೀಮಿನಲ್ಲಿರುವ ಡೀಟ್ ಎಂಬ ರಾಸಾಯನಿಕ ಕೂಡ ಪ್ಲಾಸ್ಟಿಕ್ಕಿನ ಮೇಲ್ಮೈ ಮೆತ್ತಗಾಗಿಸಿಯೇ ಹೊಳಪು ತರಿಸುವುದು. ವಾದ ಮಾಡಲಿಲ್ಲ. ಶೆಡ್ಡಿನಲ್ಲಿಟ್ಟಿದ್ದ ಹಳೆಯ ಬಲಗಡೆ ಹೆಡ್‌ಲೈಟನ್ನು ಬಿಸಿಲಿಗೆ ಹಿಡಿದು, ಬಿರುಕು ಕಾಣುವ ಹಾಗೆ ಫೋಟೊ ತೆಗೆದು ಕಳಿಸಿದೆ.