ಒಡಲು ಸಾದಾ, ಚಿತ್ತಾರ ಅಂಚಿಗೆ: ಸಾದಾ ಅರಿವೆ ಮತ್ತು ಡಿಸೈನ್ ಅರಿವೆ, ಉಟ್ಟು ಒಗೆದು ನೋಡಿದ ಹೋಲಿಕೆ

ನಮ್ಮ ಕಡೆ ಅರಿವೆ ಅಂಗಡಿಯಲ್ಲಿ ಮೊದಲು ಬಿಚ್ಚಿ ಹಾಕುವುದು ದೊಡ್ಡ ಹೂವಿನ, ದಪ್ಪ ಚೌಕಡಿಯ ಮಾಲು. ಸಾದಾ ತಾನುಗಳು (ಬಟ್ಟೆಯ ಸುರುಳಿಗಳು) ಹಿಂದಿನ ಕಪಾಟಿನಲ್ಲಿ ನಿಂತಿರುತ್ತವೆ, ಕೇಳಿದರಷ್ಟೇ ಕೆಳಗೆ ಇಳಿಯುತ್ತವೆ. ಇದಕ್ಕೆ ಕಾರಣವಿದೆ. ಟ್ಯೂಬ್‌ಲೈಟ್ ಕೆಳಗೆ ಡಿಸೈನ್ ಬೇಗ ಕಣ್ಣು ಸೆಳೆಯುತ್ತದೆ, ಜೊತೆಗೆ ನೇಯ್ಗೆಯ ತಪ್ಪನ್ನೂ ಮುಚ್ಚುತ್ತದೆ. ಸಾದಾ ಬಟ್ಟೆಗೆ ಮುಚ್ಚಿಕೊಳ್ಳಲು ಏನೂ ಇಲ್ಲ. ಹೊಕ್ಕಿನ, ಅಂದರೆ ಅಡ್ಡ ನೂಲಿನ, ಒಂದು ಎಳೆ ತಪ್ಪಿದ್ದರೂ ಅಡ್ಡಗೆರೆಯಾಗಿ ಎದ್ದು ಕಾಣುತ್ತದೆ.

ಇಲ್ಲಿ ಹೋಲಿಸಿದ್ದು ದಿನಬಳಕೆಯ ಅರಿವೆಗಳನ್ನು. ಒಂದು ಕಡೆ ಸಾದಾ ಒಡಲಿನ ಇಳಕಲ್ ಸೀರೆ, ಸಾದಾ ಕಾಟನ್ ಸೀರೆ, ಒಂದೇ ಬಣ್ಣದ ಕುರ್ತಾ, ಅಂಗಿ. ಇನ್ನೊಂದು ಕಡೆ ಛಾಪಿನ (ಪ್ರಿಂಟ್ ಹಾಕಿದ) ಕಾಟನ್, ಛಾಪಿನ ಸಿಂಥೆಟಿಕ್ ಸೀರೆ, ದೊಡ್ಡ ಚೌಕಡಿಯ ಶರ್ಟಿಂಗ್. ವಿಜಯಪುರದ ಬೇಸಿಗೆ, ಬೆಳಗಾವಿಯ ಮಳೆಗಾಲ, ಬಾಗಲಕೋಟೆಯ ಬೋರ್ ನೀರು, ಈ ಮೂರಕ್ಕೂ ಎರಡನ್ನೂ ಒಡ್ಡಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳುತ್ತೇವೆ: ಕಪಾಟಿನ ಮುಕ್ಕಾಲು ಪಾಲು ಸಾದಾ ಇರಲಿ. ಆದರೆ ಎಲ್ಲ ಸುತ್ತಿನಲ್ಲೂ ಸಾದಾ ಗೆದ್ದಿಲ್ಲ. ಎರಡು ಕಡೆ ಚೆನ್ನಾಗಿಯೇ ಸೋತಿದೆ.

ಜೋಡಿಯ ಲೆಕ್ಕ

ನಾಲ್ಕು ಸಾದಾ ಸೀರೆ, ಮೂರು ಬ್ಲೌಸ್ ಇದ್ದರೆ ಹನ್ನೆರಡು ಜೋಡಿ. ನಾಲ್ಕು ಛಾಪಿನ ಸೀರೆ ಇದ್ದರೆ ಹೆಚ್ಚುಕಡಿಮೆ ನಾಲ್ಕೇ ಜೋಡಿ, ಏಕೆಂದರೆ ಒಂದರ ಬ್ಲೌಸ್ ಇನ್ನೊಂದಕ್ಕೆ ಕೂಡುವುದಿಲ್ಲ. ಬ್ಲೌಸ್ ಹೊಲಿಗೆಯ ಕೂಲಿ, ಅಸ್ತರಿನ ಖರ್ಚು ಹಿಡಿದರೆ ಅಗ್ಗದ ಛಾಪಿನ ಸೀರೆ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ಸಾದಾದಲ್ಲೂ ಒಂದು ಬಲೆ ಇದೆ. ಒಂದೇ ಬಣ್ಣವನ್ನು ಸರಿಗಟ್ಟಲು ಹೋಗುವುದು. ಮರೂನ್ ಸೀರೆಗೆ ಮರೂನ್ ಬ್ಲೌಸ್ ಅಂಗಡಿಯ ದೀಪದಲ್ಲಿ ಒಂದೇ ಕಂಡು, ಬಿಸಿಲಿಗೆ ಬಂದಾಗ ಒಂದು ಕಂದು, ಇನ್ನೊಂದು ನೇರಳೆ ಆಗುತ್ತದೆ. ಬಣ್ಣಗಳ ಬೆರಕೆ ಬೇರೆಯಾದ್ದರಿಂದ ಬೆಳಕು ಬದಲಾದರೆ ಅವು ಬೇರೆಬೇರೆಯಾಗಿ ಕಾಣುತ್ತವೆ. ಕರಿಗೆ ಕರಿ, ಬಿಳಿಗೆ ಬಿಳಿ ಕೂಡಿಸುವಾಗಲೂ ಇದೇ ಗೋಳು. ಅರ್ಧ ಛಾಯೆ ತಪ್ಪುವುದಕ್ಕಿಂತ ಪೂರ್ತಿ ಬೇರೆ ಬಣ್ಣವೇ ಚಂದ: ಹಸಿರಿಗೆ ಮರೂನ್, ನೀಲಿಗೆ ಸಾಸಿವೆ ಬಣ್ಣ. ಸರಿಗಟ್ಟಲೇಬೇಕು ಅಂದರೆ ಫಾಲ್ ಹಚ್ಚುವ ಮುಂಚೆ ಸೀರೆಯ ತುದಿಯಿಂದ ಎರಡು ಬೆರಳಗಲ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಬೆಳಗಾವಿಯ ಖಡೇ ಬಜಾರಿನಂಥ ಒತ್ತೊತ್ತಾದ ಓಣಿಯ ಅಂಗಡಿಗಳಲ್ಲಿ ಒಳಗೆ ಹಗಲು ಬೆಳಕು ಬರುವುದೇ ಕಡಿಮೆ. ತುಂಡನ್ನೂ ತಾನನ್ನೂ ಬಾಗಿಲಾಚೆ ತಂದು ನೋಡಿ. ಅಂಗಡಿಯವರು ಬೇಡ ಅನ್ನುವುದಿಲ್ಲ.

ಬೆವರು, ಮಣ್ಣು, ಪಲ್ಯದ ಕಲೆ

ಸಾದಾ ಮೊದಲು ಸೋಲುವುದು ಇಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬಸ್ ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ಬೆನ್ನು ತೋಯುತ್ತದೆ. ಬಟ್ಟೆ ನೆನೆದಾಗ ಎಳೆಗಳ ನಡುವೆ ನೀರು ತುಂಬಿ ಬೆಳಕು ಚೆದುರುವುದು ಕಡಿಮೆಯಾಗುತ್ತದೆ, ಆ ಜಾಗ ಕಪ್ಪಿಡುತ್ತದೆ. ಇದು ಅತಿ ಹೆಚ್ಚು ಕಾಣುವುದು ನಡುವಿನ ಬಣ್ಣಗಳಲ್ಲಿ. ಬೂದಿ ಬಣ್ಣ, ಆಕಾಶ ನೀಲಿ, ಮಾಸಿದ ಗುಲಾಬಿ ಬೇಸಿಗೆಗೆ ಬೇಡ. ಬಿಳಿ, ಇಲ್ಲವೇ ಕಡು ನೀಲಿ ಇರಲಿ. ಕಡು ಬಣ್ಣಕ್ಕೆ ಎರಡು ತಕರಾರು: ಬಿಸಿಲಿನ ಕಾವು ಹೆಚ್ಚು ಹೀರುತ್ತದೆ, ಬೆವರು ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆ ಬಿಡುತ್ತದೆ. ಅದಕ್ಕೆ ಸಾಬೂನು ಬೇಕಿಲ್ಲ, ಅವತ್ತೇ ಸಂಜೆ ಬರೀ ನೀರಲ್ಲಿ ಅದ್ದಿ ಹಿಂಡಿದರೆ ಹೋಗುತ್ತದೆ. ವಾರಗಟ್ಟಲೆ ಗೂಟಕ್ಕೆ ನೇತುಬಿದ್ದರೆ ಕಂಕುಳ ಜಾಗದ ಬಣ್ಣವೇ ಕೆಡುತ್ತದೆ.

ಸಣ್ಣ ಹೂವಿನ, ಮೂರ್ನಾಲ್ಕು ಬಣ್ಣದ ಛಾಪು ಬೆವರನ್ನೂ ಸುಕ್ಕನ್ನೂ ನುಂಗಿಬಿಡುತ್ತದೆ. ಆದರೆ ಈ ಗುಣ ದೊಡ್ಡ ಡಿಸೈನಿಗೆ ಇಲ್ಲ. ಅಂಗೈಯಗಲದ ಹೂಗಳ ನಡುವೆ ಖಾಲಿ ನೆಲ ಇರುತ್ತದಲ್ಲ, ಕಲೆ ಸರಿಯಾಗಿ ಅಲ್ಲಿಯೇ ಕೂರುತ್ತದೆ. ಅಂದರೆ ಕಣ್ಣಿಗೆ ಹೊಡೆಯುವ ಡಿಸೈನ್ ತಗೊಂಡವರಿಗೆ ಡಿಸೈನಿನ ಮುಖ್ಯ ಲಾಭವೇ ಸಿಗುವುದಿಲ್ಲ.

ಎರೆಮಣ್ಣಿನ ಧೂಳು ಬಿದ್ದರೆ ಒದ್ದೆ ಕೈಯಿಂದ ಒರೆಸಬೇಡಿ, ಕಪ್ಪು ಮಣ್ಣು ನೂಲಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಝಾಡಿಸಿ, ಬ್ರಷ್ ಹಾಕಿ, ಆಮೇಲೆ ನೀರು. ಎಣ್ಣೆಗಾಯಿ ಪಲ್ಯದ ಕಲೆಯಲ್ಲಿ ಎಣ್ಣೆ, ಅರಿಶಿಣ ಎರಡೂ ಇರುತ್ತವೆ. ಮೊದಲು ಕಡಲೆಹಿಟ್ಟು ಉದುರಿಸಿ ಎಣ್ಣೆ ಹೀರಿಸಿ, ಆಮೇಲೆ ಸಾಬೂನು. ಸಾಬೂನು ತಾಗಿದ ಕೂಡಲೇ ಕಲೆ ಕೆಂಪಾಗುತ್ತದೆ, ಗಾಬರಿ ಬೇಡ. ಕ್ಷಾರಕ್ಕೆ ಅರಿಶಿಣ ಹಾಗೆಯೇ ತಿರುಗುತ್ತದೆ. ಬಿಸಿಲಿಗೆ ಹಾಕಿದರೆ ಅರಿಶಿಣದ ಬಣ್ಣ ತಾನೇ ಹಾರುತ್ತದೆ. ಬಿಳಿ ಸಾದಾ ಅರಿವೆಯನ್ನು ದಿನವಿಡೀ ಬಿಸಿಲಿಗೆ ಬಿಡಬಹುದು. ಛಾಪಿನದನ್ನು ಬಿಟ್ಟರೆ ಕಲೆಯ ಜೊತೆ ಹೂವೂ ಮಾಸುತ್ತದೆ.

ಒಗೆತ

ಛಾಪಿನಲ್ಲಿ ಎರಡು ಜಾತಿ. ಬಣ್ಣ ನೂಲಿನೊಳಗೆ ಇಳಿದಿದ್ದರೆ ಹಿಂಬದಿಯಲ್ಲೂ ಡಿಸೈನ್ ಕಾಣುತ್ತದೆ, ಕೈಗೆ ಬಟ್ಟೆ ಮೆತ್ತಗೆ ಹತ್ತುತ್ತದೆ. ಪಿಗ್ಮೆಂಟ್ ಛಾಪಾದರೆ ಬಣ್ಣ ಮೇಲ್ಮೈಗೆ ಅಂಟಿರುತ್ತದೆ, ಮುಟ್ಟಿದರೆ ಬಿರುಸು, ಒಗೆದಂತೆಲ್ಲ ಮಡಿಕೆಯ ಗೆರೆಯಲ್ಲಿ ಬಿರಿಯುತ್ತದೆ. ಅಂಗಡಿಯಲ್ಲಿಯೇ ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಂದು ಮೂಲೆ ತಿಕ್ಕಿ ನೋಡಿ. ಕೆಂಪು, ಕಡು ನೀಲಿ, ಕಪ್ಪು ಹತ್ತಿದರೆ ಮನೆಯಲ್ಲೂ ಬಿಡುತ್ತದೆ. ಒಂದೇ ಬಣ್ಣದ ಅರಿವೆ ಬಣ್ಣ ಬಿಟ್ಟರೆ ತಾನೊಂದೇ ತೆಳುವಾಗುತ್ತದೆ. ಹಲವು ಬಣ್ಣದ್ದು ಬಿಟ್ಟರೆ ತನ್ನದೇ ಬಿಳಿ ನೆಲವನ್ನು ಕೆಡಿಸಿಕೊಳ್ಳುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಅನ್ನುವ ಮಾತು ಮನೆಮನೆಯಲ್ಲಿದೆ. ಬಣ್ಣ ಹಾಕುವ ಕಡಾಯಿಯಲ್ಲಿ ಉಪ್ಪಿಗೆ ಕೆಲಸವಿದೆ, ನೇಯ್ದು ಮಾರಿದ ಮೇಲೆ ಬಕೆಟ್‌ನಲ್ಲಿ ಇಲ್ಲ. ತಣ್ಣೀರು, ಬೇರೆ ಬಕೆಟ್, ನೆರಳು, ಇಷ್ಟೇ ಉಪಾಯ.

ಬೋರ್ ನೀರಿನ ಊರುಗಳಲ್ಲಿ ಸಾದಾ ಕಡು ಬಣ್ಣದ ಮೇಲೆ ಬೂದಿಯಂಥ ಪೊರೆ ಕೂರುತ್ತದೆ. ಗಡಸು ನೀರಿನ ಸುಣ್ಣಕ್ಕೆ ಸಾಬೂನು ಕೂಡಿ ಆಗುವ ಗಸಿ ಅದು. ಬಾರ್ ಸಾಬೂನು ಬಿಟ್ಟು ಪುಡಿ ಬಳಸಿ, ಕೊನೆಯ ಬಕೆಟ್‌ಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ. ಬಿಳಿ ಅಂಗಿ, ಧೋತರಕ್ಕೆ ನೀಲಿ ಹಾಕುವವರು ಮೊದಲು ಲೋಟದಲ್ಲಿ ಕಲಸಿ, ಸೋಸಿ, ಆಮೇಲೆ ಬಕೆಟ್‌ಗೆ ಹಾಕಿ. ಕರಗದ ಒಂದು ಕಣ ಸಾಕು, ಸಾದಾ ಬಿಳಿಯ ಮೇಲೆ ಮಚ್ಚೆಯಂತೆ ಕೂರುತ್ತದೆ. ಬೆಳಗಾವಿಯ ಜುಲೈನಲ್ಲಿ ಇನ್ನೊಂದು ತೊಂದರೆ, ಬೂಸು. ಅರೆ ಒಣಗಿದ್ದನ್ನು ಮಡಚಿ ಇಟ್ಟರೆ ತಿಳಿ ಬಣ್ಣದ ಕಾಟನ್ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಹೋಗುವುದು ಕಷ್ಟ. ಮಳೆಗಾಲದ ನಾಲ್ಕು ತಿಂಗಳು ಛಾಪಿನ ಸಿಂಥೆಟಿಕ್ಕೇ ವಾಸಿ ಅನ್ನುವವರ ಮಾತನ್ನು ಒಪ್ಪಬೇಕಾಗುತ್ತದೆ.

ಸಿಂಪಿಗರ ಮೇಜಿನ ಮೇಲೆ

ಚೌಕಡಿ ಅಂಗಿಗೆ ಬಟ್ಟೆ ಹೆಚ್ಚು ಬೇಕು. 58 ಇಂಚು ಪನ್ನಾದ (ಅಗಲದ) ಸಾದಾ ಬಟ್ಟೆ 1.6 ಮೀಟರ್‌ನಲ್ಲಿ ಸಾಧಾರಣ ಅಳತೆಯ ಫುಲ್ ತೋಳಿನ ಅಂಗಿ ಆಗುತ್ತದೆ. ಅದೇ 3 ಇಂಚಿನ ಚೌಕಡಿ ಇದ್ದರೆ 1.8 ರಿಂದ 1.9 ಮೀಟರ್ ಹಿಡಿಯಿರಿ. ಎದೆಯ ಎರಡು ಹೋಳು, ಜೇಬು, ಬಗಲ ಹೊಲಿಗೆ, ತೋಳು, ಎಲ್ಲ ಕಡೆ ಗೆರೆಗೆ ಗೆರೆ ಕೂಡಿಸಲು ಪ್ರತಿ ಹೋಳನ್ನೂ ಒಂದೊಂದು ಚೌಕ ಸರಿಸಿ ಕತ್ತರಿಸಬೇಕು. ಬಟ್ಟೆ ಸಾಲದಿದ್ದರೆ ಕಟಿಂಗ್ ಮಾಸ್ತರರು ಜೇಬಿನಲ್ಲಿ ರಾಜಿಯಾಗುತ್ತಾರೆ. ಎದೆಯ ಮೇಲಿನ ಆ ಅರ್ಧ ಇಂಚಿನ ತಪ್ಪು ಹತ್ತು ಅಡಿ ದೂರದಿಂದ ಕಾಣುತ್ತದೆ. ಜೇಬನ್ನು ಓರೆಯಾಗಿ ಕತ್ತರಿಸಲು ಹೇಳಿದರೆ ಕೂಡಿಸುವ ಗೋಜೇ ತಪ್ಪುತ್ತದೆ.

ಛಾಪಿನ ಚೌಕಡಿಯಲ್ಲಿ ಇನ್ನೂ ಒಂದು ಕೇಡಿದೆ. ಛಾಪು ಹೊಡೆಯುವಾಗ ಬಟ್ಟೆ ವಾಲಿದ್ದರೆ ಗೆರೆ ಒಂದು ದಿಕ್ಕಿಗೆ, ಎಳೆ ಇನ್ನೊಂದು ದಿಕ್ಕಿಗೆ ಓಡುತ್ತದೆ. ಗೆರೆ ಹಿಡಿದು ಕತ್ತರಿಸಿದರೆ ಒಗೆದ ಮೇಲೆ ಅಂಗಿ ತಿರುಚುತ್ತದೆ, ಎಳೆ ಹಿಡಿದು ಕತ್ತರಿಸಿದರೆ ಗೆರೆ ಸೊಟ್ಟ. ತಾನಿನ ಅಂಚಿನಿಂದ ಒಂದು ಅಡ್ಡ ಎಳೆ ಎಳೆದು ನೋಡಿ, ಛಾಪಿನ ಗೆರೆಗೆ ಅದು ಸಮಾಂತರ ಇಲ್ಲದಿದ್ದರೆ ಬಿಡಿ. ನೇಯ್ದ ಚೌಕಡಿಯಲ್ಲಿ ಈ ರೋಗವಿಲ್ಲ, ಬಣ್ಣದ ಎಳೆಯೇ ಗೆರೆ. ಕಾಟನ್ ಯಾವುದೇ ಇರಲಿ, ಕತ್ತರಿಸುವ ಮುಂಚೆ ರಾತ್ರಿಯಿಡೀ ನೆನೆಸಿ ಒಣಗಿಸಿ.

ಅಡ್ಡಪಟ್ಟೆ ಹಾಕಿದರೆ ದಪ್ಪ ಕಾಣುತ್ತಾರೆ ಅನ್ನುವ ಅಂಗಡಿ ಉಪದೇಶವನ್ನು ಅಷ್ಟೇನೂ ನಂಬಬೇಕಿಲ್ಲ. ಅಡ್ಡಗೆರೆ ತುಂಬಿದ ಚೌಕ ಕಣ್ಣಿಗೆ ಎತ್ತರವಾಗಿಯೇ ಕಾಣುತ್ತದೆಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದ. ಮೈ ದಪ್ಪ ಕಾಣಿಸುವುದು ಗೆರೆಗಿಂತ ಹೆಚ್ಚಾಗಿ ತಪ್ಪಿದ ಅಳತೆ. ಆದರೆ ಕೂದಲೆಳೆಯ ಗೆರೆಯ ಅಂಗಿಯನ್ನು ಮದುವೆಗೆ ಹಾಕಬೇಡಿ, ವಿಡಿಯೋದಲ್ಲಿ ಅದು ಅಲೆಅಲೆಯಾಗಿ ಕುಣಿಯುತ್ತದೆ.

ಇಳಕಲ್ ಮತ್ತು ಗುಳೇದಗುಡ್ಡ

ಸಾದಾ, ಡಿಸೈನ್ ಜಗಳವನ್ನು ಬಾಗಲಕೋಟೆ ಜಿಲ್ಲೆಯ ನೇಕಾರರು ಎಂದೋ ಬಗೆಹರಿಸಿದ್ದಾರೆ. ಒಡಲು ಸಾದಾ, ಇಲ್ಲವೇ ಸಣ್ಣ ಗೆರೆ, ಚೌಕಡಿ. ಚಿತ್ತಾರವೆಲ್ಲ ದಡಿಗೆ (ಅಂಚಿಗೆ) ಮತ್ತು ಟೋಪ್ ತೆನೆ ಸೆರಗಿಗೆ, ಅಂದರೆ ಕೆಂಪು, ಬಿಳಿ ಚಿತ್ತಾರದ ಇಳಕಲ್ ಸೆರಗಿಗೆ. ಉಟ್ಟಾಗ ನೆರಿಗೆಯಲ್ಲಿ ಮುಚ್ಚಿಹೋಗುವ ಜಾಗದಲ್ಲಿ ಡಿಸೈನ್ ವ್ಯರ್ಥ ಮಾಡಿಲ್ಲ, ಹೆಗಲ ಮೇಲೆ ಕಾಣುವಲ್ಲಿ ಇಟ್ಟಿದ್ದಾರೆ. ಬೆಳಗ್ಗೆ ಕೆಲಸಕ್ಕೆ ಸೆರಗಿನ ನೆರಿಗೆ ಹಿಡಿದು ಪಿನ್ ಹಾಕಿದರೆ ಅದೇ ಸೀರೆ ಸೌಮ್ಯ, ಸಂಜೆ ಸೆರಗು ಬಿಟ್ಟರೆ ಸಮಾರಂಭಕ್ಕೆ ತಯಾರು. ಮೈತುಂಬ ಛಾಪಿರುವ ಸೀರೆಗೆ ಈ ಎರಡು ಮುಖ ಇಲ್ಲ.

ಕೊಳ್ಳುವಾಗ ಸೆರಗು ಒಡಲನ್ನು ಕೂಡುವ ಗೆರೆ ನೋಡಿ. ಕೈಮಗ್ಗದಲ್ಲಿ ಒಡಲಿನ ಹಾಸು (ಉದ್ದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹೀಗಾಗಿ ಗೆರೆ ದಾಟಿದ ಕೂಡಲೇ ಸೆರಗಿನ ಕೆಂಪು ಚೊಕ್ಕಟವಾಗಿ ಶುರುವಾಗುತ್ತದೆ. ಒಂದೇ ಹಾಸಿನಲ್ಲಿ ನೇಯ್ದ ನಕಲಿಯಲ್ಲಿ ಕೆಂಪಿನ ನಡುವೆ ಒಡಲಿನ ಬಣ್ಣ ಇಣುಕುತ್ತದೆ. ಒಡಲು ರೇಷ್ಮೆಯೋ, ಹತ್ತಿಯೋ, ಚಮಕಾವೋ ಕೇಳಿ. ಚಮಕಾ ಅಂದರೆ ಕೃತಕ ರೇಷ್ಮೆ, ಹೊಳಪು ಚಂದ, ಬೆಲೆ ಕಡಿಮೆ, ಆದರೆ ಒದ್ದೆಯಾದಾಗ ನೂಲಿನ ಬಲ ಇಳಿಯುತ್ತದೆ. ಹಿಂಡಬಾರದು, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಸೆರಗಿನಲ್ಲಿ ಕೆಂಪು, ಬಿಳಿ ಪಕ್ಕಪಕ್ಕ ಇರುವುದರಿಂದ ಮೊದಲ ಒಗೆತಗಳಲ್ಲಿ ನೆನೆಸಿಡಬೇಡಿ. ಅದ್ದಿ ತೆಗೆದು, ಸೆರಗು ಒಂದರ ಮೇಲೊಂದು ಬೀಳದಂತೆ ಹರವಿ, ನೆರಳಲ್ಲಿ ಒಣಗಿಸಿ.

ಡಿಸೈನ್ ಬೇಕೆನ್ನುವವರಿಗೆ ನಮ್ಮ ಉತ್ತರ ಗುಳೇದಗುಡ್ಡ ಖಣ, ಅಂದರೆ ಅಲ್ಲಿ ನೇಯುವ ಕುಪ್ಪಸದ ಅರಿವೆ. ಸಾದಾ ಕಾಟನ್ ಸೀರೆಯ ಮೇಲೆ ತುಂಬಿದ ಬುಟ್ಟಾದ ಖಣದ ಕುಪ್ಪಸ ಹಾಕಿದರೆ ಬೇರೇನೂ ಬೇಡ. ಪನ್ನಾ ಕಡಿಮೆ, ಸುಮಾರು 31 ಇಂಚು, ಆದ್ದರಿಂದ ಬ್ಲೌಸಿಗೆ 80 ಸೆಂಟಿಮೀಟರ್ ಸಾಲದು, 1 ಮೀಟರ್ ಬೇಕು. ಮೊಣಕೈ ತನಕ ತೋಳಾದರೆ 1.25. ದಡಿ ಇರುವ ಖಣದಲ್ಲಿ ಮೊದಲು ತೋಳು ಕತ್ತರಿಸಿ ದಡಿಯನ್ನು ತೋಳಿನ ತುದಿಗೆ ತರಬೇಕು, ಮೈ ಆಮೇಲೆ. ಹಿಂಬದಿಯ ಸಡಿಲ ಎಳೆಗಳು ಬಳೆಗೆ, ಉಗುರಿಗೆ ಸಿಕ್ಕಿ ಜಗ್ಗುತ್ತವೆ, ಅಸ್ತರ್ ಕಡ್ಡಾಯ, ಅದೂ ನೆನೆಸಿ ಒಣಗಿಸಿದ ಕಾಟನ್. ಹೊಲಿಗೆಯಾಚೆ ಒಂದು ಇಂಚು ಬಿಡಿಸಿ. ಮೈಗೆ ಬಿಗಿ ಹೊಲಿಸಿದರೆ ಬಗಲ ಹತ್ತಿರ ಹೊಲಿಗೆ ನಿಲ್ಲುತ್ತದೆ, ಪಕ್ಕದ ಎಳೆಗಳು ಸರಿದು ಕಿಂಡಿ ಬೀಳುತ್ತದೆ.

ಉಡಿ ತುಂಬಿದ ಖಣಗಳ ರಾಶಿ ಪ್ರತಿ ಮನೆಯ ಟ್ರಂಕಿನಲ್ಲೂ ಇದೆ. ಅವುಗಳಲ್ಲಿ ಹೊಲಿಸಲು ಬರುವುದು ಕೆಲವೇ. ತೆಳು ಪಾಲಿಯೆಸ್ಟರ್ ತುಂಡುಗಳು ಕೈಯಿಂದ ಕೈಗೆ ತಿರುಗಾಡಲಿಕ್ಕಷ್ಟೇ ಹುಟ್ಟಿದಂತಿವೆ. ನೇಯ್ದ ಖಣ ಸಿಕ್ಕರೆ ತೆಗೆದಿಡಿ.

ಆಯೇರಿಯ ಸೀರೆ ಏನು ಮಾಡುವುದು

ಮದುವೆ, ಕುಬುಸದ (ಸೀಮಂತದ) ಆಯೇರಿಯಲ್ಲಿ, ಅಂದರೆ ಉಡುಗೊರೆಯಲ್ಲಿ, ಬರುವ ಸೀರೆ ನಾವು ಆರಿಸಿದ್ದಲ್ಲ, ಬಹುತೇಕ ಮೈತುಂಬ ಡಿಸೈನ್. ಅದರ ಜೊತೆಗೇ ಬಂದ ಅದೇ ಛಾಪಿನ ಬ್ಲೌಸ್ ತುಂಡು ಹೊಲಿಸಬೇಡಿ, ಮೇಲಿಂದ ಕೆಳಗಿನವರೆಗೆ ಒಂದೇ ಗದ್ದಲ. ಡಿಸೈನಿನಲ್ಲಿ ಅತಿ ಕಡಿಮೆ ಜಾಗ ಹಿಡಿದಿರುವ ಬಣ್ಣ ಯಾವುದೆಂದು ನೋಡಿ, ಆ ಬಣ್ಣದ ಸಾದಾ ಬ್ಲೌಸ್ ಹಾಕಿ. ಕಪಾಟಿನಲ್ಲಿ ಸಾದಾ ಬ್ಲೌಸುಗಳಿದ್ದರೆ ಹೊಸದು ಹೊಲಿಸುವ ಕೆಲಸವೂ ಇಲ್ಲ. ಬ್ಲೌಸ್ ತುಂಡನ್ನು ಸೀರೆಯಿಂದ ಕತ್ತರಿಸದೆ ಬಿಟ್ಟರೆ 5.5 ಮೀಟರ್ ಇದ್ದದ್ದು 6.3 ಆಗಿ ಮೂರ್ನಾಲ್ಕು ನೆರಿಗೆ ಹೆಚ್ಚು ಸಿಗುತ್ತದೆ. ಆದರೆ ತುಂಡು ಒಳಸುತ್ತಿನ ತುದಿಗೆ ಇದ್ದರೆ ಮಾತ್ರ ಹೀಗೆ ಬಿಡಿ. ಕೆಲವು ಸೀರೆಗಳಲ್ಲಿ ಅದು ಸೆರಗಿನ ಆಚೆಗಿರುತ್ತದೆ, ಅಲ್ಲಿ ಕತ್ತರಿಸಿ ಪೀಕೋ ಹೊಡೆಸುವುದೇ ಸರಿ.